ನಮ್ಮ ಕಸದ ಲಾರಿ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ

ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಹಸಿ ಕಸ, ಒಣ ಕಸವನ್ನು ಬೇರೆಬೇರೆಯಾಗಿ ಕೊಡಿ ಎಂದು ಕಳೆದ ಸಭೆಯಲ್ಲಿ ಕೇಳಿಕೊಂಡಾಗ, ‘ದುಡ್ಡು ಕಟ್ಟುತ್ತಿದ್ದೇವೆ, ವಿಂಗಡಿಸುವುದು ಅವರ ಕೆಲಸ’ ಎಂದು ಹಲವರು ಹೇಳಿದರು. ಲಾರಿ ಒಂದು ದಿನ ತಪ್ಪಿದರೆ ವಾಟ್ಸ್‌ಆ್ಯಪ್ ಗುಂಪಿನ ತುಂಬ ದೂರುಗಳು. ಆ ಲಾರಿ ಎಲ್ಲಿಗೆ ಹೋಗುತ್ತದೆ ಎಂದು ಆರು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ನಗರದ ಕಸ ಸುರಿದ ಹೊರವಲಯದ ಹಳ್ಳಿಗಳಾದ ಮಾವಳ್ಳಿಪುರ, ಮಂಡೂರು ಎಂದರೆ ‘ಊರವರು ಪರಿಹಾರಕ್ಕಾಗಿ ಗಲಾಟೆ ಮಾಡಿದರು’ ಎಂಬಷ್ಟೇ ಇವರ ನೆನಪು. ಇಂಥವರೊಡನೆ ಯಾವ ಮಾತಿನಿಂದ ಆರಂಭಿಸಬೇಕು?

ಉತ್ತರ 1

ಮೇಡಂ, ಕಸ ಸುರಿದ ಕ್ವಾರಿಯೊಂದರ ಪಕ್ಕದ ಊರಿನವನು ನಾನು. ನಮ್ಮ ತಂದೆ ತೋಡಿಸಿದ್ದ ಬಾವಿಯ ನೀರನ್ನು ದನಗಳೂ ಮೂಸಿ ಬಿಟ್ಟುಬಿಡುವಂತಾದ ಮೇಲೆ, ಅಂಗಳದಲ್ಲೇ ಬಾವಿಯಿದ್ದೂ ನಾವು ಕ್ಯಾನ್ ನೀರು ಕೊಂಡು ಕುಡಿಯುತ್ತಿದ್ದೇವೆ. ನೆಂಟರ ಮುಂದೆ ಊಟ ಬಡಿಸಿದರೆ ಒಬ್ಬರು ನೊಣ ಓಡಿಸುತ್ತಲೇ ನಿಂತಿರಬೇಕಾಗಿತ್ತು. ನಮ್ಮ ಊರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡಿದವರಿದ್ದಾರೆ. ಅದಕ್ಕೆ ಯಾವ ಪರಿಹಾರ ಕೇಳಬೇಕಿತ್ತೋ ನನಗೆ ತಿಳಿಯದು. ನಾವು ಕೇಳಿದ್ದು ಲಾರಿ ನಿಲ್ಲಿಸಿ ಎಂದು ಮಾತ್ರ.

ಉತ್ತರ 2

ಪರಿಸರ ಎಂಜಿನಿಯರ್ ಆಗಿ ಒಂದೆರಡು ವಿಷಯ ಸೇರಿಸುತ್ತೇನೆ. ಬಾವಿ ಕೆಡಿಸುವುದು ಮುಖ್ಯವಾಗಿ ಬೆರಕೆ ಕಸ. ಪ್ಲಾಸ್ಟಿಕ್, ಬ್ಯಾಟರಿ, ಔಷಧಿಗಳ ಜೊತೆ ಅನ್ನ ತರಕಾರಿ ಕೊಳೆತು, ಅದರ ಮೇಲೆ ಮಳೆ ಸುರಿದಾಗ ಇಳಿಯುವ ಕಪ್ಪು ರಸವನ್ನು ಲೀಚೇಟ್ ಎನ್ನುತ್ತಾರೆ. ಕಲ್ಲು ಒಡೆದ ಕ್ವಾರಿಯ ಬಿರುಕುಗಳಲ್ಲಿ ಅದು ಅಂತರ್ಜಲದವರೆಗೆ ಹೋಗುತ್ತದೆ. ಗಾಳಿಯಾಡದೆ ಕೊಳೆಯುವ ಅದೇ ರಾಶಿ ಮೀಥೇನ್ ಬಿಡುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖ ಹಿಡಿದಿಡುವ ಅನಿಲ. ಭೂಮಿ ಬಿಸಿಯಾದಂತೆ ಮಳೆ ಹೆಚ್ಚು ರಭಸದಿಂದ ಸುರಿಯುತ್ತದೆ, ಲೀಚೇಟ್ ಮತ್ತಷ್ಟು ಹರಿಯುತ್ತದೆ. ಹೀಗೆ ಒಂದೇ ಊರಿನವರು ಎರಡು ಕಡೆಯಿಂದ ಹೊಡೆತ ತಿನ್ನುತ್ತಾರೆ.

2012ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಿಂದ ಮಾವಳ್ಳಿಪುರದ ಘಟಕ ಮುಚ್ಚಿ ನಗರದ ಬೀದಿಗಳಲ್ಲಿ ರಾಶಿ ಬಿದ್ದಾಗ ಮಾತ್ರ ಇದು ‘ಕಸದ ಸಮಸ್ಯೆ’ ಆಯಿತು. ಅಲ್ಲಿಯವರೆಗೆ ಅದು ಮಾವಳ್ಳಿಪುರದ ಸಮಸ್ಯೆಯಾಗಿತ್ತು. ಆಮೇಲೆ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. 2014ರ ಬೇಸಿಗೆಯ ಕೊನೆಗೆ ಅಲ್ಲಿನವರು ಬೀದಿಗಿಳಿದರು, ಡಿಸೆಂಬರ್ 1ರಿಂದ ಲಾರಿಗಳು ನಿಂತವು. ಮುಂದೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿಗಳ ಸರದಿ. ಊರಿನ ಹೆಸರು ಬದಲಾಯಿತೇ ಹೊರತು, ಕಸ ಮಾಡಿದವರ ಬಳಿಗೆ ಭಾರ ಮರಳಲಿಲ್ಲ.

ಉತ್ತರ 3

ನಾನು ವಕೀಲೆ. ಮಾಲಿನ್ಯವಿಲ್ಲದ ನೀರು ಮತ್ತು ಗಾಳಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕನ್ನು 2024ರ ತೀರ್ಪಿನಲ್ಲಿ ಗುರುತಿಸುವಾಗ, 21ರ ಜೊತೆಗೆ ಸಮಾನತೆಯ 14ನೇ ವಿಧಿಯನ್ನೂ ಅದು ಆಧಾರವಾಗಿ ತೆಗೆದುಕೊಂಡಿತು. ನನ್ನ ದೃಷ್ಟಿಯಲ್ಲಿ ತಮ್ಮ ಪ್ರಶ್ನೆಯ ಜೀವವಿರುವುದು ಆ 14ರಲ್ಲೇ: ಒಬ್ಬರ ಸ್ವಚ್ಛತೆಗೆ ಇನ್ನೊಬ್ಬರ ಬಾವಿಯನ್ನು ಬಲಿಕೊಡಬಹುದೇ? ‘ದುಡ್ಡು ಕಟ್ಟುತ್ತಿದ್ದೇವೆ’ ಎನ್ನುವವರಿಗೆ, ಆ ಹಣ ಸಾಗಾಟಕ್ಕೆ ಸಲ್ಲುತ್ತದೆಯೇ ವಿನಾ ಕೆಟ್ಟ ಬಾವಿಗೆ ಬೆಲೆಯಾಗುವುದಿಲ್ಲ ಎಂದು ನೇರವಾಗಿ ಹೇಳಿ. 2016ರ ಘನತ್ಯಾಜ್ಯ ನಿಯಮಗಳೂ ವಿಂಗಡಣೆಯ ಹೊಣೆಯನ್ನು ಕಸ ಉಂಟುಮಾಡುವವರ ಮೇಲೆಯೇ ಹೊರಿಸಿದವು. ಬೆರೆಸಿ ಕೊಟ್ಟರೆ ಅದನ್ನು ಕೆದಕಬೇಕಾದದ್ದು ಪೌರಕಾರ್ಮಿಕರ ಬರಿಗೈ ಎಂಬುದನ್ನೂ ಮರೆಯದೆ ತಿಳಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಸಂಘದ ಏಳೆಂಟು ಮಂದಿಯನ್ನು ಕರೆದುಕೊಂಡು ಒಮ್ಮೆ ಅಲ್ಲಿಗೇ ಹೋಗಿ ನೋಡಬೇಕೆಂದಿದ್ದೇನೆ. ಮೊದಲ ಉತ್ತರ ಬರೆದವರು ಒಪ್ಪುವುದಾದರೆ, ಅವರ ಊರಿಗೆ ಬರಬಹುದೇ?

ಉತ್ತರ 1 ಬರೆದವರು

ಖಂಡಿತ ಬನ್ನಿ, ಮೇಡಂ. ಬೇಸಿಗೆಯಲ್ಲಿ ಬೇಡ, ಜೋರು ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಬನ್ನಿ. ಕಪ್ಪು ನೀರು ಕೆರೆಯ ಕಡೆಗೆ ಹರಿಯುವುದು ಆಗ ಕಣ್ಣಿಗೆ ಕಾಣುತ್ತದೆ. ಕುಡಿಯುವ ನೀರು ಮಾತ್ರ ನೀವೇ ತಂದುಕೊಳ್ಳಿ.