ಡಿಎಂಎ ಹಾರ್ಡ್‌ವೇರ್ ಅರ್ಜಿ: "ಸಹಜವಾಗಿ ಹೊಳೆಯುವಂಥದ್ದು" ಎಂಬ ತಿರಸ್ಕಾರದ ವಿರುದ್ಧ ಮೇಲ್ಮನವಿ ಹೇಗೆ?

ಪ್ರಶ್ನೆ:
ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ ನಮ್ಮ ಡಿಎಂಎ ಕಂಟ್ರೋಲರ್ (ಪ್ರೊಸೆಸರನ್ನು ತೊಡಗಿಸದೆ ಮೆಮೊರಿಗೂ ಸಾಧನಗಳಿಗೂ ನಡುವೆ ದತ್ತಾಂಶ ಸಾಗಿಸುವ ಘಟಕ) ಅರ್ಜಿ ಎರಡನೆಯ ಬಾರಿ ತಿರಸ್ಕೃತವಾಗಿದೆ. ಬಫರ್ (ದತ್ತಾಂಶವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) ಎಷ್ಟು ತುಂಬಿದೆ ಎಂಬುದನ್ನು ನೋಡಿಕೊಂಡು ಬರ್ಸ್ಟ್ ಉದ್ದವನ್ನು, ಅಂದರೆ ಒಂದೇ ಸಲಕ್ಕೆ ಸಾಗಿಸುವ ದತ್ತಾಂಶದ ಪ್ರಮಾಣವನ್ನು, ಹಾರ್ಡ್‌ವೇರೇ ಬದಲಿಸಿಕೊಳ್ಳುವುದು ನಮ್ಮ ವಿನ್ಯಾಸದ ತಿರುಳು. ಬಫರ್ ಮಟ್ಟ ಅಳೆಯುವ ಒಂದು ಹಳೆಯ ಪೇಟೆಂಟನ್ನೂ ಬರ್ಸ್ಟ್ ಉದ್ದ ಬದಲಿಸುವ ಇನ್ನೊಂದನ್ನೂ ಜೋಡಿಸಿದ ಪರೀಕ್ಷಕರು, ಈ ಕ್ಷೇತ್ರ ಬಲ್ಲವರಿಗೆ ಇದು ಸಹಜವಾಗಿಯೇ ಹೊಳೆಯುತ್ತದೆ ಎಂದಿದ್ದಾರೆ. ಎರಡರಲ್ಲಿ ಯಾವುದೂ ನಮ್ಮ ವಿನ್ಯಾಸವನ್ನು ಪೂರ್ತಿಯಾಗಿ ಹೇಳುವುದಿಲ್ಲ ಎಂದಷ್ಟೇ ವಾದಿಸಿದರೆ ಮೇಲ್ಮನವಿ ಮಂಡಳಿ ಒಪ್ಪೀತೇ?

ಉತ್ತರ 1:
ಅಷ್ಟರಿಂದಲೇ ಗೆಲ್ಲಲಾಗದು. ಎರಡನ್ನು ಸೇರಿಸಿ ಆಕ್ಷೇಪಿಸಿರುವಾಗ ಒಂದೊಂದನ್ನೇ ಬಿಡಿಯಾಗಿ ಖಂಡಿಸಿದರೆ ಸಾಲದೆಂಬುದು 1981ರ ಕೆಲ್ಲರ್ ಪ್ರಕರಣದ ನಿಲುವು. ನೀವು ಪ್ರಶ್ನಿಸಬೇಕಾದದ್ದು ಜೋಡಣೆಯ ಕಾರಣವನ್ನು. ಹಳೆಯ ದಾಖಲೆಗಳಲ್ಲೇ ಜೋಡಣೆಯ ಸೂಚನೆ ಇರಬೇಕೆಂಬ ಬಿಗಿಯನ್ನು 2007ರ ಕೆಎಸ್‌ಆರ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಡಿಲಿಸಿತು ನಿಜ. ಆದರೆ ಜೋಡಿಸಲು ಕಾರಣವೇನೆಂದು ತರ್ಕಬದ್ಧವಾಗಿ ಹೇಳುವ ಹೊಣೆ ಪರೀಕ್ಷಕರಿಗೆ ಈಗಲೂ ಇದೆ. "ದಕ್ಷತೆ ಹೆಚ್ಚುತ್ತದೆ" ಎಂಬ ಒಂದೇ ಸಾಲು ಬರೆದಿದ್ದರೆ ಅಲ್ಲಿಯೇ ಹಿಡಿಯಿರಿ. ಮೊದಲ ಪೇಟೆಂಟ್ ಬಫರ್ ಮಟ್ಟವನ್ನು ಅಳೆಯುವುದು ದತ್ತಾಂಶ ಉಕ್ಕಿ ಕಳೆದುಹೋಗದಂತೆ ತಡೆಯಲು ಮಾತ್ರವಾಗಿದ್ದರೆ, ಆ ಸಂಕೇತವನ್ನು ಬರ್ಸ್ಟ್ ಉದ್ದಕ್ಕೆ ಕಟ್ಟಲು ಒಬ್ಬ ಎಂಜಿನಿಯರಿಗೆ ಏನು ಪ್ರೇರಣೆ, ಕಟ್ಟಿದ ಮೇಲೆ ಬಸ್ (ಹಲವು ಘಟಕಗಳು ಬಳಸುವ ದತ್ತಾಂಶ ಮಾರ್ಗ) ಹಂಚಿಕೆಯ ಲೆಕ್ಕ ಕೆಡದೇ ಎಂದು ಕೇಳಿ.

ಉತ್ತರ 2:
ಪುರಾವೆಯ ಬಗ್ಗೆಯೂ ಯೋಚಿಸಿ. ವಾಣಿಜ್ಯ ಯಶಸ್ಸು, ಬಹುಕಾಲದ ಕೊರತೆ, ಇತರರ ವಿಫಲ ಯತ್ನಗಳೂ ಗಣನೆಗೆ ಬರುತ್ತವೆಂದು 1966ರ ಗ್ರಹಾಂ ತೀರ್ಪು ಹೇಳುತ್ತದೆ. ಕ್ಲಾಕ್ ಸಂಕೇತ ಏರುವಾಗಲೂ ಇಳಿಯುವಾಗಲೂ ದತ್ತಾಂಶ ಸಾಗಿಸುವ ಮೆಮೊರಿಯ ಕುರಿತ ರ‍್ಯಾಂಬಸ್ ಕಂಪನಿಯ ಮೊಕದ್ದಮೆಯಲ್ಲಿ, ಮಂಡಳಿಯು ಇಂಥ ಪುರಾವೆಯನ್ನು ಸರಿಯಾಗಿ ತೂಗಲಿಲ್ಲ, ರುಜುವಾತಿನ ಹೊಣೆಯನ್ನೂ ತಪ್ಪಾಗಿ ರ‍್ಯಾಂಬಸ್ ಮೇಲೆ ಹೊರಿಸಿತು ಎಂಬ ಕಾರಣಕ್ಕೆ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ 2013ರಲ್ಲಿ ಆ ನಿರ್ಣಯವನ್ನು ರದ್ದುಪಡಿಸಿ ಮರುಪರಿಶೀಲನೆಗೆ ಕಳುಹಿಸಿತು. ನಿಮ್ಮಲ್ಲಿ ಅಂಥ ಪುರಾವೆಯ ಪ್ರಮಾಣಪತ್ರಗಳಿದ್ದರೆ (ಅಫಿಡವಿಟ್) ಮೇಲ್ಮನವಿಗೆ ಮುನ್ನವೇ ಸಲ್ಲಿಸಿ. ಆಮೇಲೆ ಹೊಸ ಪುರಾವೆಗೆ ಅವಕಾಶ ಬಹಳ ಕಡಿಮೆ.

ಉತ್ತರ 3:
ರ‍್ಯಾಂಬಸ್ ಉದಾಹರಣೆಯನ್ನು ಎಚ್ಚರದಿಂದ ಬಳಸಬೇಕು. ಅದು ಆಗಲೇ ಮಂಜೂರಾಗಿದ್ದ ಪೇಟೆಂಟಿನ ಮರುಪರೀಕ್ಷೆ. ನಿಮ್ಮ ವಿನ್ಯಾಸ ಇನ್ನೂ ಮಾರುಕಟ್ಟೆ ಕಂಡಿರದಿದ್ದರೆ ಯಶಸ್ಸಿನ ಪುರಾವೆ ಎಲ್ಲಿಂದ ಬರಬೇಕು? ಮೊದಲು ಕ್ಲೇಮಿನ, ಅಂದರೆ ಯಾವುದರ ಮೇಲೆ ಹಕ್ಕು ಕೋರುತ್ತೀರೆಂದು ಅರ್ಜಿಯಲ್ಲಿ ಹೇಳುವ ಭಾಗದ, ವಾಕ್ಯವನ್ನು ಓದಿ. ಬಫರ್ ಮಟ್ಟಕ್ಕೂ ಬರ್ಸ್ಟ್ ಉದ್ದಕ್ಕೂ ಇರುವ ನಂಟು ವಿವರಣೆಯಲ್ಲಷ್ಟೇ ಇದ್ದು ಕ್ಲೇಮಿನಲ್ಲಿ ಇಲ್ಲದಿದ್ದರೆ, ಉತ್ತರ 1ರ ವಾದ ಎಷ್ಟೇ ಗಟ್ಟಿಯಾಗಿದ್ದರೂ ನಿಲ್ಲುವುದಿಲ್ಲ. ಆಗ ಮೇಲ್ಮನವಿಗಿಂತ ಕ್ಲೇಮನ್ನು ತಿದ್ದಿ, ಶುಲ್ಕ ಕಟ್ಟಿ, ಪರೀಕ್ಷೆಯನ್ನು ಮುಂದುವರಿಸುವಂತೆ ಕೋರುವುದೇ ಲೇಸು.