ಸಹಾಯ ಬೇಕು: ಹಳೆಯ ಗ್ರೀಕ್‌ನಲ್ಲಿ ಇದು ಪ್ರಶ್ನೆ ಅಂತ ಗೊತ್ತಾಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ಸುಮ್ನೆ ಆಸಕ್ತಿಗೆ ಹಳೆಯ ಗ್ರೀಕ್ ಕಲಿಯುತ್ತಿದ್ದೇನೆ. ಪ್ರಶ್ನೆ ಬಂದರೆ ಎಡವುತ್ತೇನೆ.

'ತಿಸ್' ಅಂದರೆ ಯಾರು. ಸ್ವರಭಾರ (ಉಚ್ಚಾರದ ಒತ್ತು) ಹೋದರೆ ಅದೇ ಪದ 'ಯಾರೋ ಒಬ್ಬ' ಆಗುತ್ತದೆ. ಇದು ಸುಲಭ, ನಮ್ಮ ಯಾರು–ಯಾರೋ ಇದ್ದ ಹಾಗೆ. ವಾಕ್ಯದ ಮೊದಲಿಗೆ 'ಆರ' ಬಂದರೆ ಹೌದು-ಇಲ್ಲ ಪ್ರಶ್ನೆ. ಆದರೆ ಮೊದಲ ಅಕ್ಷರ ಗಿಡ್ಡವಾಗಿ 'ಅರ' ಆದರೆ 'ಹಾಗಾದರೆ' ಅಂತ ಅರ್ಥ! 'ಊ' ಎಂಬ ನಿಷೇಧ ಪದದಿಂದ ಕೇಳಿದರೆ ಹೌದು ಅನ್ನುವ ಉತ್ತರ ಬೇಕು, ನಮ್ಮ 'ಅಲ್ವಾ' ಥರ. 'ಮೇ' ಬಂದರೆ ಇಲ್ಲ ಅನ್ನುವ ಉತ್ತರ.

ಕಷ್ಟ ಇರುವುದು ಯಾವ ಗುರುತೂ ಇಲ್ಲದ ಕಡೆ. ಬೈಬಲ್ಲಿನ ಸುವಾರ್ತೆಯಲ್ಲಿ ರೋಮನ್ ಅಧಿಕಾರಿ ಪಿಲಾತ ಯೇಸುವನ್ನು 'ನೀನು ಯೆಹೂದ್ಯರ ಅರಸನೋ' ಅಂತ ಕೇಳುತ್ತಾನೆ. ಕನ್ನಡದಲ್ಲಿ ಆ 'ಓ' ಇದೆ. ಗ್ರೀಕ್‌ನಲ್ಲಿ ಬರೀ 'ನೀನು ಯೆಹೂದ್ಯರ ಅರಸ' ಅಂತಿದೆ. ಅಚ್ಚಾದ ಪುಸ್ತಕದಲ್ಲಿ ಕೊನೆಗೆ ಅರ್ಧವಿರಾಮದಂಥ ಚಿಹ್ನೆ ಇರುತ್ತದೆ, ಅದೇ ಅವರ ಪ್ರಶ್ನಾರ್ಥಕ. (ಮೊದಲ ವಾರ ಅದನ್ನು ಅರ್ಧವಿರಾಮ ಅಂತಲೇ ಓದಿದ್ದೆ!) ಆದರೆ ಹಳೆಯ ಹಸ್ತಪ್ರತಿಗಳಲ್ಲಿ ಆ ಚಿಹ್ನೆ ಇರಲಿಲ್ಲ, ಆಮೇಲೆ ಹಾಕಿದ್ದು.

ಚಿಹ್ನೆ ಮುಚ್ಚಿಟ್ಟು ಓದಿದರೆ ನೀವು ಹೇಗೆ ಗುರುತಿಸುತ್ತೀರಿ? ಹಿಂದುಮುಂದಿನ ಮಾತಿನಿಂದ ಮಾತ್ರವಾ? ಅಭ್ಯಾಸಕ್ಕೆ ಜಾಸ್ತಿ ಸಂಭಾಷಣೆ ಇರುವ ಸುಲಭದ ಪಠ್ಯ ಯಾವುದಾದರೂ ಇದ್ದರೆ ಹೇಳಿ.