ಕಾಲಿನ ಸ್ನಾಯು ಸೆನ್ಸರ್, ಮಷೀನ್ ಲರ್ನಿಂಗ್: ಗ್ರೂಪ್ ಚಾಟ್‌ನಲ್ಲಿ ಫಿಸಿಯೊ ಮೇಡಂ ಜೊತೆ ಪ್ರಶ್ನೋತ್ತರ

ಪ್ರಾಜೆಕ್ಟ್ ತಂಡ, ತುಮಕೂರು: ಮೇಡಂ, ನಡಿಗೆ, ಮೆಟ್ಟಿಲು, ಕೂತು ಏಳೋದು ಗುರುತಿಸೋ ಮಾಡೆಲ್ ಮಾಡ್ತಿದೀವಿ. ತೊಡೆಯ ಇಎಂಜಿ (ಸ್ನಾಯು ಕೆಲಸ ಮಾಡುವಾಗ ಹುಟ್ಟೋ ವಿದ್ಯುತ್) ಸಿಗ್ನಲ್‌ನಲ್ಲಿ ವಿಪರೀತ ನಾಯ್ಸ್. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ರೆ ಇನ್ನೂ ಜಾಸ್ತಿ.

ಮೇಡಂ: ಮೊದಲು ಚಾರ್ಜರ್ ಕೀಳಿ. ಎಲೆಕ್ಟ್ರೋಡ್ (ಚರ್ಮಕ್ಕೆ ಅಂಟಿಸೋ ಪ್ಯಾಡ್) ಮೈಮೇಲಿದ್ದಾಗ ಬೋರ್ಡ್, ಲ್ಯಾಪ್‌ಟಾಪ್ ಎರಡೂ ಬ್ಯಾಟರಿಯಲ್ಲೇ ಓಡಬೇಕು. ಕರೆಂಟ್ ಲೈನಿನ 50 ಹರ್ಟ್ಜ್ ನಾಯ್ಸ್ ಅಷ್ಟೇ ಅಲ್ಲ, ಶಾಕ್ ಅಪಾಯವೂ ಇದೆ. ಕೂದಲು ತೆಗೆದು ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಲಿ. ತೊಡೆಯ ಮುಂಭಾಗದ ಸ್ನಾಯು ರೆಕ್ಟಸ್ ಫೆಮೊರಿಸ್‌ಗೆ, ಸೊಂಟದ ಮುಂದಿನ ಎಲುಬಿನ ತುದಿಯಿಂದ ಮಂಡಿಚಿಪ್ಪಿನ ಮೇಲಂಚಿನವರೆಗಿನ ಗೆರೆಯ ಸರಿ ಅರ್ಧದಲ್ಲಿ ಅಂಟಿಸಿ. ಎರಡು ಎಲೆಕ್ಟ್ರೋಡ್‌ಗಳ ಮಧ್ಯಬಿಂದುಗಳ ನಡುವೆ 20 ಮಿ.ಮೀ. ಜೆಲ್ ಹರಡಿ ಎರಡೂ ಕೂಡಿಕೊಂಡರೆ ಸಿಗ್ನಲ್ ಸತ್ತಂತೆ. ಸ್ಯಾಂಪ್ಲಿಂಗ್ 1000 ಹರ್ಟ್ಜ್, ಅಂದರೆ ಸೆಕೆಂಡಿಗೆ 1000 ರೀಡಿಂಗ್; ಫಿಲ್ಟರ್ 20ರಿಂದ 450 ಹರ್ಟ್ಜ್.

ಸದಸ್ಯ, ಹಾಸನ: ಯಾವ ಸೆನ್ಸರ್ ತಗೋಬೇಕು?

ಮೇಡಂ: ರಾ ಔಟ್‌ಪುಟ್, ಅಂದರೆ ಮೂಲ ಸಿಗ್ನಲ್ಲೇ ಕೊಡೋದು. ಬರೀ ಎನ್ವಲಪ್ (ಸಿಗ್ನಲ್‌ನ ಏರಿಳಿತದ ಹೊರಗೆರೆ) ಕೊಡೋದರಲ್ಲಿ ಫ್ರೀಕ್ವೆನ್ಸಿ ಮಾಹಿತಿ ಉಳಿಯಲ್ಲ.

ಸದಸ್ಯೆ, ಬೆಂಗಳೂರು: ಇಎಸ್‌ಪಿ32 ಬೋರ್ಡ್‌ನಲ್ಲಿ ವೈಫೈ ಆನ್ ಮಾಡಿದ್ರೆ ರೀಡಿಂಗ್ ನಿಲ್ಲುತ್ತೆ.

ಮೇಡಂ: ವೈಫೈ ಇದ್ದಾಗ ಎಡಿಸಿ2 ಪಿನ್ (ಸಿಗ್ನಲ್ಲನ್ನ ಅಂಕಿ ಮಾಡೋ ಎರಡನೇ ಘಟಕದ್ದು) ಬಿಡಿ. 32ರಿಂದ 39ರೊಳಗಿನ ಎಡಿಸಿ1 ಪಿನ್‌ಗೆ ಹಾಕಿ.



ಸದಸ್ಯ, ಹುಬ್ಬಳ್ಳಿ: ಅಪ್ಪಾರಿಗೆ ಮಂಡಿ ಬದಲಿ ಆಪರೇಷನ್ ಆಗಿ ಎರಡು ವಾರ ಆತ್ರಿ. ಬಲಗಾಲ ಮೀನಖಂಡದ ರೀಡಿಂಗ್ ಇಳ್ಯಾಕತ್ತೈತಿ. ಕಾಲು ಸ್ವಲ್ಪ ಬಾತು ಬಿಸಿ ಐತಿ. ಸ್ನಾಯು ಕೆಲಸ ಮಾಡ್ತು ಅಂತ ಹಿಡಿಯೋ ಮಿತಿ, ಥ್ರೆಶೋಲ್ಡ್, ಎಷ್ಟಕ್ಕ ಇಳಸ್ಲಿ?

ಮೇಡಂ: ಥ್ರೆಶೋಲ್ಡ್ ಮುಟ್ಟಬೇಡಿ. ಸೆನ್ಸರ್ ಪಟ್ಟಿ ಬಿಚ್ಚಿ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಂಡಿ ಆಪರೇಷನ್ ಆದಮೇಲೆ ಒಂದೇ ಮೀನಖಂಡ ಊದಿ ಬಿಸಿಯಾದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆಯಾ ಅಂತ ರಕ್ತದ ಹರಿವು ತೋರಿಸೋ ಡಾಪ್ಲರ್ ಸ್ಕ್ಯಾನ್ ಮಾಡಿ ನೋಡಲೇಬೇಕು. ಆಪರೇಷನ್ ಊತವೇ ಇರಬಹುದು, ಆದರೆ ಕಣ್ಣಳತೆಯಲ್ಲಿ ಹೇಳಲಾಗದು. ಉಸಿರಾಡಲು ಕಷ್ಟ, ಎದೆನೋವು, ಕೆಮ್ಮಿದರೆ ರಕ್ತ, ಇದರಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ.

ರೀಡಿಂಗ್ ಇಳಿಯೋಕೆ ಕಾರಣ ಹಲವು. ಊತದ ನೀರು ಸ್ನಾಯುವನ್ನು ಎಲೆಕ್ಟ್ರೋಡ್‌ನಿಂದ ದೂರ ಮಾಡುತ್ತೆ. ನೋವಿದ್ದರೆ ಆ ಕಾಲಿನ ಮೇಲೆ ಭಾರ ಹಾಕಲ್ಲ. ಬೆವರಿಗೆ ಅಂಟು ಬಿಟ್ಟರೂ ಹೀಗೇ. ನಡಿಗೆ, ನಿಲುವು ಅಂತ ಕಲಿಸಿದ ಮಾಡೆಲ್‌ಗೆ ಇವುಗಳ ವ್ಯತ್ಯಾಸ ಗೊತ್ತಿಲ್ಲ. ರಕ್ತನಾಳವಂತೂ ಇಎಂಜಿಗೆ ಕಾಣೋದೇ ಇಲ್ಲ.

ಸದಸ್ಯ, ಮಂಡ್ಯ: ಫಾರ್ವರ್ಡ್: ಎಕ್ಕದ ಎಲೆಗೆ ಎಳ್ಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟಿ, ಚೆನ್ನಾಗಿ ತಿಕ್ಕಿ. ಮೂರೇ ದಿನದಲ್ಲಿ ಊತ ಮಾಯ!

ಮೇಡಂ: ತಿಕ್ಕಬೇಡಿ! ಹೆಪ್ಪಿದ್ದರೆ ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಮೆಸೇಜ್ ಅಳಿಸಿ.

ಸದಸ್ಯ, ಮಂಡ್ಯ: ಹಿರಿಯರು ಮಾಡ್ಕೊಂಡು ಬಂದಿದ್ದು ಮೇಡಂ.

ಮೇಡಂ: ಆಪರೇಷನ್ ಆದ ಕಾಲಿಗಲ್ಲ. ಅಳಿಸಿ.

ಪ್ರಾಜೆಕ್ಟ್ ತಂಡ, ತುಮಕೂರು: ಮೇಡಂ, ಸಿಗ್ನಲ್ ಸರಿಹೋಯ್ತು. ಸಿಎನ್‌ಎನ್ (ಒಂದು ಬಗೆಯ ನ್ಯೂರಲ್ ನೆಟ್‌ವರ್ಕ್) ಹಾಕಿ 98% ಸರಿ ಉತ್ತರ ಬಂತು!

ಡೇಟಾ ಎಂಜಿನಿಯರ್, ಮೈಸೂರು: ಡೇಟಾ ಹೇಗೆ ಭಾಗ ಮಾಡಿದ್ರಿ?

ಪ್ರಾಜೆಕ್ಟ್ ತಂಡ: ಸಿಗ್ನಲ್ಲನ್ನ 250 ಮಿಲಿಸೆಕೆಂಡ್ ತುಂಡು (ವಿಂಡೊ) ಮಾಡಿ, 50% ಓವರ್‌ಲ್ಯಾಪ್, ಎಲ್ಲ ಶಫಲ್ ಮಾಡಿ 80% ಟ್ರೈನಿಂಗ್, 20% ಟೆಸ್ಟ್.

ಡೇಟಾ ಎಂಜಿನಿಯರ್: ಹಾಗಾದ್ರೆ 98 ಲೆಕ್ಕಕ್ಕಿಲ್ಲ. ಅಕ್ಕಪಕ್ಕದ ವಿಂಡೊಗಳಲ್ಲಿ ಅರ್ಧ ಸಿಗ್ನಲ್ ಒಂದೇ. ಒಂದು ಟ್ರೈನಿಂಗ್‌ಗೆ, ಇನ್ನೊಂದು ಟೆಸ್ಟ್‌ಗೆ ಹೋದರೆ ಉತ್ತರ ಮೊದಲೇ ಕೊಟ್ಟ ಹಾಗೆ. ಒಬ್ಬರ ಪೂರ್ತಿ ಡೇಟಾ ಹೊರಗಿಟ್ಟು ಟೆಸ್ಟ್ ಮಾಡಿ. ಯುಸಿಐ ಅನ್ನೋ ಆನ್‌ಲೈನ್ ಡೇಟಾ ಭಂಡಾರದ ಕಾಲಿನ ಇಎಂಜಿ ಡೇಟಾದಲ್ಲಿ 22 ಜನರಿದ್ದಾರೆ, 11 ಜನರಿಗೆ ಮಂಡಿ ತೊಂದರೆ. ಒಬ್ಬೊಬ್ಬರನ್ನೇ ಬಿಟ್ಟು 22 ಸಲ ಓಡಿಸಿ ನೋಡಿ.

ಪ್ರಾಜೆಕ್ಟ್ ತಂಡ: ನಮ್ಮ ಗೈಡ್ ಒಪ್ಪಿದಾರೆ.

ಡೇಟಾ ಎಂಜಿನಿಯರ್: ಗೈಡ್ ಒಪ್ಪಿದ್ರೆ ಲೀಕ್ (ಟೆಸ್ಟ್ ಡೇಟಾ ಟ್ರೈನಿಂಗ್‌ಗೆ ಸೋರಿದ್ದು) ಹೋಗಲ್ಲ.

ಸದಸ್ಯ, ಮಂಗಳೂರು: ಇಷ್ಟು ಡೇಟಾಗೆ ಸಿಎನ್‌ಎನ್ ಯಾಕೆ ಮಾರಾಯ್ರೆ? ಆರ್‌ಎಂಎಸ್, ಝೀರೋ ಕ್ರಾಸಿಂಗ್, ವೇವ್‌ಫಾರ್ಮ್ ಲೆಂಗ್ತ್ ಅಂತ ಸಿಗ್ನಲ್‌ನ ಸರಳ ಅಳತೆ ತೆಗೆದು ಎಲ್‌ಡಿಎ ಅನ್ನೋ ಸರಳ ವರ್ಗೀಕರಣ ವಿಧಾನ ಹಾಕಿ, ಸಾಕು.

ಪ್ರಾಜೆಕ್ಟ್ ತಂಡ: ಕೇಳಿದ್ದು ಮೇಡಂನ. ನಿಮ್ಮನ್ನಲ್ಲ.

ಡೇಟಾ ಎಂಜಿನಿಯರ್: ಗ್ರೂಪಲ್ಲಿ ಹಾಕಿದ್ಮೇಲೆ ಕೇಳಿಸ್ಕೋಬೇಕು.

ಸದಸ್ಯೆ, ಉಡುಪಿ: ಯಾವ ಸೆನ್ಸರ್ ಒಳ್ಳೇದು ಮೇಡಂ?

ಮೇಡಂ: ಮೇಲೆ ಓದಿ. ಹುಬ್ಬಳ್ಳಿಯವರು ಹೊರಟ್ರಾ? ಮೊದಲು ಅದು ಹೇಳಿ.

ಸದಸ್ಯ, ಹುಬ್ಬಳ್ಳಿ: ಮುಂಜಾನೆ ಹೋದ್ರ ನಡಿತೈತೇನ್ರಿ?

ಮೇಡಂ: ನಡೆಯಲ್ಲ. ಎಮರ್ಜೆನ್ಸಿಗೆ ಈಗಲೇ ಹೋಗಿ. ಡಿಸ್ಚಾರ್ಜ್ ಸಮ್ಮರಿ ತಗೊಳ್ಳಿ. ರಕ್ತ ತೆಳು ಮಾಡೋ ಮಾತ್ರೆ ಕೊಟ್ಟಿದ್ರಾ, ತಪ್ಪಿದ್ದರೆ ಎಂದಿನಿಂದ, ಅಲ್ಲಿನ ಡಾಕ್ಟರಿಗೆ ಹೇಳಿ.